ಕೈ ಬದಲಾದರೂ ಮಾತು ಕಡಿಯದ ಕಥೆ

ಮಲೆನಾಡಿನ ಒಂದು ಮನೆ. ತಾಯಿ ಒಳಕೋಣೆಯಲ್ಲಿ ಕುಳಿತು ಬೆಂಗಳೂರಿನಲ್ಲಿರುವ ಮಗನೊಂದಿಗೆ ಮೊಬೈಲ್‌ನಲ್ಲಿ ಮಾತನಾಡುತ್ತಿದ್ದಾರೆ. ಕೋಣೆಯೊಳಗೆ ಟವರಿನ ಸಿಗ್ನಲ್ ಇಲ್ಲ. ಮನೆಗೆ ಬಂದಿರುವ ಇಂಟರ್‌ನೆಟ್‌ನ ವೈ-ಫೈ ಮೂಲಕ ಮಾತು ಸಾಗುತ್ತಿದೆ. ಅಷ್ಟರಲ್ಲಿ ಮಳೆ ಹನಿಯುತ್ತದೆ. ಒಣಗಲು ಹಾಕಿದ ಬಟ್ಟೆ ತೆಗೆಯಲು ಅವರು ಮಾತನಾಡುತ್ತಲೇ ಅಂಗಳ ದಾಟಿ ಹೋಗುತ್ತಾರೆ. ವೈ-ಫೈ ಅಷ್ಟು ದೂರ ತಲುಪುವುದಿಲ್ಲ. ಗುಡ್ಡದಾಚೆಯ ಟವರು ಆ ಕರೆಯನ್ನು ಎತ್ತಿಕೊಳ್ಳುತ್ತದೆ. ‘ಊಟ ಆಯಿತಾ ಅಮ್ಮಾ?’ ಎಂಬ ಮಗನ ಪ್ರಶ್ನೆ ಬಂದದ್ದು ಒಂದು ದಾರಿಯಲ್ಲಿ, ತಾಯಿಯ ಉತ್ತರ ಹೋದದ್ದು ಇನ್ನೊಂದು ದಾರಿಯಲ್ಲಿ. ಇಬ್ಬರಿಗೂ ಅದು ಗೊತ್ತಾಗುವುದೇ ಇಲ್ಲ.

ನಡೆಯುತ್ತಿರುವ ಕರೆಯೊಂದನ್ನು ಒಂದು ಜಾಲ ಇನ್ನೊಂದು ಜಾಲಕ್ಕೆ ಹೀಗೆ ಒಪ್ಪಿಸುವುದನ್ನು ತಂತ್ರಜ್ಞರು ಹ್ಯಾಂಡೋವರ್ ಎನ್ನುತ್ತಾರೆ. ನಾವು ಅದನ್ನು ಹಸ್ತಾಂತರ ಎನ್ನೋಣ. ಮೊಬೈಲಿನ ಬಗ್ಗೆ ಬರೆಯುವವರು ಅದರ ವೇಗದ ಬಗ್ಗೆ, ಬೆಲೆಯ ಬಗ್ಗೆ, ಯುವಜನರ ಮೇಲೆ ಅದರ ಪರಿಣಾಮದ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಈ ಹಸ್ತಾಂತರದ ಇತಿಹಾಸದ ಕಡೆಗೆ ಗಮನ ಹರಿದದ್ದು ಕಡಿಮೆ. ಆದರೆ ಇಂದು ಹಳೆಯ ಜಾಲಗಳನ್ನು ಮುಚ್ಚುವ ಮಾತು ಕೇಳಿಬರುತ್ತಿರುವಾಗ ಈ ಇತಿಹಾಸ ನಮಗೆ ತಿಳಿದಿರಬೇಕಾದದ್ದು ಅಗತ್ಯ.

ಒಂದೇ ಮನೆಯ ಅಣ್ಣತಮ್ಮಂದಿರು

1946ರ ಜೂನ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕಾರಿನಲ್ಲಿ ಕುಳಿತು ಮಾತನಾಡುವ ಟೆಲಿಫೋನ್ ಸೇವೆ ಆರಂಭವಾಯಿತು. ಆಗ ಲಭ್ಯವಿದ್ದದ್ದು ಬೆರಳೆಣಿಕೆಯ ಚಾನೆಲ್‌ಗಳು. ಅವು ತುಂಬಿದರೆ ಉಳಿದವರು ಕಾಯಬೇಕಿತ್ತು. ಮರುವರ್ಷ, 1947ರ ಡಿಸೆಂಬರಿನಲ್ಲಿ, ಬೆಲ್ ಪ್ರಯೋಗಾಲಯದ ಡೌಗ್ಲಾಸ್ ರಿಂಗ್ ಒಂದು ಟಿಪ್ಪಣಿ ಬರೆದರು. ಇಡೀ ಪ್ರದೇಶಕ್ಕೆ ಒಂದೇ ದೊಡ್ಡ ಕೇಂದ್ರವಿಡುವ ಬದಲು ಅದನ್ನು ಜೇನುಗೂಡಿನಂತೆ ಚಿಕ್ಕ ಚಿಕ್ಕ ಕೋಶಗಳಾಗಿ ವಿಂಗಡಿಸಬಹುದು, ಒಂದು ಕೋಶದಲ್ಲಿ ಬಳಸಿದ ತರಂಗಾಂತರವನ್ನೇ ದೂರದ ಇನ್ನೊಂದು ಕೋಶದಲ್ಲಿ ಮತ್ತೆ ಬಳಸಬಹುದು ಎಂಬುದು ಅದರ ಸಾರ. ‘ಸೆಲ್’ ಫೋನ್ ಎಂಬ ಹೆಸರಿನ ಮೂಲ ಇಲ್ಲಿದೆ.

ಆದರೆ ಈ ಉಪಾಯ ಹೊಸ ತೊಡಕನ್ನೂ ತಂದಿತು. ಕೋಶ ಚಿಕ್ಕದಾದಷ್ಟೂ ಪ್ರಯಾಣಿಕ ಅದನ್ನು ಬೇಗ ದಾಟುತ್ತಾನೆ. ಗಡಿಯಲ್ಲಿ ಅವನ ಮಾತು ಕಡಿಯದಂತೆ ನೋಡಿಕೊಳ್ಳುವವರು ಯಾರು? ಇದಕ್ಕೆ ಮೊದಲ ಉತ್ತರ ಸಿಕ್ಕಿದ್ದು ರೈಲಿನಲ್ಲಿ. 1969ರಲ್ಲಿ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ನಡುವೆ ಓಡತೊಡಗಿದ ಮೆಟ್ರೋಲೈನರ್ ರೈಲಿನಲ್ಲಿ ಹಣ ಹಾಕಿ ಮಾತನಾಡುವ ಫೋನುಗಳಿದ್ದವು. 225 ಮೈಲಿಯ ಹಾದಿಯನ್ನು 9 ವಲಯಗಳಾಗಿ ವಿಂಗಡಿಸಲಾಗಿತ್ತು. ರೈಲು ವಲಯ ದಾಟಿದಂತೆ ಕರೆಯೂ ತಾನಾಗಿ ಮುಂದಿನ ವಲಯಕ್ಕೆ ಸಾಗುತ್ತಿತ್ತು. ಆದರೆ ರೈಲು ಹಳಿ ಬಿಟ್ಟು ಹೋಗುವುದಿಲ್ಲ, ಮನುಷ್ಯ ಎತ್ತ ಬೇಕಾದರೂ ಹೋಗುತ್ತಾನೆ. ಎತ್ತ ಹೋದರೂ ಕರೆಯನ್ನು ಹಿಂಬಾಲಿಸಿ ಕೋಶದಿಂದ ಕೋಶಕ್ಕೆ ಬದಲಾಯಿಸುವ ವ್ಯವಸ್ಥೆಗೆ ಅದೇ ಬೆಲ್ ಪ್ರಯೋಗಾಲಯದ ಏಮಸ್ ಜೋಯಲ್ 1972ರಲ್ಲಿ ಪೇಟೆಂಟ್ ಪಡೆದರು. 1983ರ ಅಕ್ಟೋಬರಿನಲ್ಲಿ ಶಿಕಾಗೋದಲ್ಲಿ ಅಮೆರಿಕದ ಮೊದಲ ವಾಣಿಜ್ಯ ಸೆಲ್ಯುಲರ್ ಸೇವೆ ಶುರುವಾಯಿತು.

ಹಸ್ತಾಂತರದಲ್ಲಿ ಎರಡು ಬಗೆಗಳಿವೆ. ಹಳೆಯ ಟವರನ್ನು ಬಿಟ್ಟು ನಂತರ ಹೊಸದನ್ನು ಹಿಡಿಯುವುದು ಒಂದು ಬಗೆ. ಜಿಎಸ್‌ಎಂ ಫೋನುಗಳು ಮಾಡುವುದು ಇದನ್ನು. ನಡುವಿನ ಕಿರು ವಿರಾಮ ಕಿವಿಗೆ ತಿಳಿಯುವುದಿಲ್ಲ. 1995ರಲ್ಲಿ ಹಾಂಗ್‌ಕಾಂಗ್‌ನಲ್ಲಿ ವಾಣಿಜ್ಯ ರೂಪದಲ್ಲಿ ಬಂದ ಸಿಡಿಎಂಎ ಇನ್ನೊಂದು ಬಗೆಯನ್ನು ತಂದಿತು. ಅದರಲ್ಲಿ ಗಡಿಯಲ್ಲಿರುವ ಫೋನಿನ ಕೈಯನ್ನು ಎರಡೂ ಟವರುಗಳು ಏಕಕಾಲದಲ್ಲಿ ಹಿಡಿದಿರುತ್ತವೆ. ಹೊಸ ಕೈ ಗಟ್ಟಿಯಾದ ಮೇಲಷ್ಟೇ ಹಳೆಯ ಕೈ ಸಡಿಲವಾಗುತ್ತದೆ. ಈ ಎರಡನೆಯ ಬಗೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅಪರಿಚಿತರ ನಡುವಿನ ಒಪ್ಪಂದ

ಇದುವರೆಗಿನದು ಒಂದೇ ಮನೆಯ ಅಣ್ಣತಮ್ಮಂದಿರ ವ್ಯವಹಾರ. ಟವರುಗಳೆಲ್ಲ ಒಂದೇ ಬಗೆಯವು, ಅವುಗಳ ಭಾಷೆಯೂ ಒಂದೇ. ಭಾಷೆ ಬೇರೆಯಾದ ಜಾಲಗಳ ನಡುವೆ ಹಸ್ತಾಂತರ ಸಾಧ್ಯವೇ?

1990ರ ದಶಕದಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ರ್‍ಯಾಂಡಿ ಕಾಟ್ಜ್ ಮತ್ತು ಅವರ ಸಂಗಡಿಗರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಒಂದು ಕೋಣೆಗೆ ಸಾಕಾಗುವ ಅವಗೆಂಪು ಕಿರಣದ ಜಾಲ, ಇಡೀ ಕಟ್ಟಡಕ್ಕೆ ವೇವ್‌ಲ್ಯಾನ್, ಊರಿಗೆಲ್ಲ ರಿಕೋಶೆ – ಹೀಗೆ ಒಂದರ ಮೇಲೊಂದು ಹರಡಿದ ಜಾಲಗಳ ನಡುವೆ ಸಂಪರ್ಕವನ್ನು ದಾಟಿಸಿ ನೋಡಿದರು. ಮಾರ್ಕ್ ಸ್ಟೆಮ್ ಮತ್ತು ಕಾಟ್ಜ್ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ‘ಲಂಬ ಹಸ್ತಾಂತರ’ ಎಂದು ಕರೆದರು. ಕೋಣೆಯಿಂದ ಹೊರಗೆ ಹೋಗುವವನಿಗೆ ದೊಡ್ಡ ಜಾಲ ಕೂಡಲೇ ಸಿಗಬೇಕು, ಇಲ್ಲದಿದ್ದರೆ ಸಂಪರ್ಕ ಕಡಿಯುತ್ತದೆ. ಒಳಗೆ ಬರುವವನಿಗೆ ಆ ಅವಸರವಿಲ್ಲ. ದೊಡ್ಡ ಜಾಲ ಅವನನ್ನು ಇನ್ನೂ ಹಿಡಿದಿರುತ್ತದೆ.

ತೊಡಕುಗಳು ಹಲವು. ಜಾಲ ಬದಲಾದರೆ ಇಂಟರ್‌ನೆಟ್ ವಿಳಾಸವೂ ಬದಲಾಗುತ್ತದೆ. ಬಾಡಿಗೆ ಮನೆ ಬದಲಾಯಿಸಿದವನ ಪತ್ರಗಳನ್ನು ಹಳೆಯ ಅಂಚೆ ಕಚೇರಿ ಹೊಸ ವಿಳಾಸಕ್ಕೆ ಕಳುಹಿಸುವಂತಹ ಒಂದು ವ್ಯವಸ್ಥೆಯನ್ನು ಇದಕ್ಕಾಗಿ 1996ರಲ್ಲಿ ರೂಪಿಸಲಾಯಿತು. 3ಜಿ ಬಂದಾಗ ಇನ್ನೊಂದು ಸಮಸ್ಯೆ ಎದುರಾಯಿತು. 3ಜಿಯಲ್ಲಿ ಮಾತನಾಡುತ್ತಿರುವ ಫೋನು ಹತ್ತಿರದ 2ಜಿ ಟವರನ್ನು ಆಲಿಸುವುದು ಹೇಗೆ? ಅದು ಮಾತಿನ ನಡುವೆ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಬಿಡುವು ಮಾಡಿಕೊಂಡು ಆ ಕಡೆ ಕಿವಿಗೊಟ್ಟು ಮರಳುತ್ತದೆ.

ತಂತ್ರಜ್ಞರು ಬಿಡಿಸಲಾಗದ ಗಂಟು ಬೇರೆಯೇ ಇತ್ತು. ಗ್ರಾಹಕ ಯಾರವನು, ಹಣ ಯಾರಿಗೆ ಎಂಬ ಪ್ರಶ್ನೆ ಅದು. 2005ರಲ್ಲಿ ಬ್ರಿಟನ್‌ನ ಬಿಟಿ ಕಂಪೆನಿ ಮನೆಯೊಳಗೆ ಸ್ಥಿರ ದೂರವಾಣಿಯ ಜಾಲವನ್ನೂ ಹೊರಗೆ ಮೊಬೈಲ್ ಜಾಲವನ್ನೂ ಬಳಸುವ ‘ಫ್ಯೂಷನ್’ ಎಂಬ ಸೇವೆ ತಂದಿತು. ಅದು ಹೆಚ್ಚು ಕಾಲ ಬಾಳಲಿಲ್ಲ. 2007ರಲ್ಲಿ ಅಮೆರಿಕದ ಟಿ-ಮೊಬೈಲ್ ವೈ-ಫೈಯಿಂದ ಜಿಎಸ್‌ಎಂಗೆ ಕರೆ ದಾಟಿಸುವ ಸೇವೆ ಆರಂಭಿಸಿತು. ಎಲ್ಲ ಬಗೆಯ ಜಾಲಗಳಿಗೂ ಸಾಮಾನ್ಯವಾದ ಒಂದು ಹಸ್ತಾಂತರ ನಿಯಮ 2009ರಲ್ಲಿ ಐಇಇಇ ಸಂಸ್ಥೆಯಿಂದ ಪ್ರಕಟವಾಯಿತು; 802.21 ಎಂಬುದು ಅದರ ಸಂಖ್ಯೆ. ಆದರೆ ಅದು ಮಾರುಕಟ್ಟೆಯಲ್ಲಿ ಬೇರೂರಲಿಲ್ಲ. ಕೊಡುವ ಕೈಗೂ ಪಡೆಯುವ ಕೈಗೂ ಮನಸ್ಸಿಲ್ಲದಿದ್ದರೆ ನಿಯಮದ ಪುಸ್ತಕ ಏನು ಮಾಡೀತು?

ತಾಲೂಕಿನ ಗಡಿಯಲ್ಲಿ ನಿಂತ ಕರೆ

ಈ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಂದು ಉದಾಹರಣೆಯಿದೆ. 1995ರ ಜುಲೈ 31ರಂದು ಕೋಲ್ಕತಾದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರಿಗೆ ಮಾಡಿದ ಕರೆಯೊಂದಿಗೆ ಭಾರತದಲ್ಲಿ ಮೊಬೈಲ್ ಯುಗ ಆರಂಭವಾಯಿತು. ಆರಂಭದ ವರ್ಷಗಳಲ್ಲಿ ಅದು ಉಳ್ಳವರ ವಸ್ತುವಾಗಿತ್ತು. 2001ರಲ್ಲಿ ಸ್ಥಿರ ದೂರವಾಣಿ ಕಂಪೆನಿಗಳಿಗೆ ‘ಸೀಮಿತ ಸಂಚಾರ’ದ ಸೇವೆ ನೀಡಲು ಸರಕಾರ ಅನುಮತಿ ನೀಡಿತು. ಡಬ್ಲ್ಯುಎಲ್‌ಎಲ್ ಎಂದು ಕರೆಯಲ್ಪಟ್ಟ ಈ ಫೋನು ಅಗ್ಗವಾಗಿತ್ತು. ಆದರೆ ಹೆಚ್ಚುಕಡಿಮೆ ಒಂದು ತಾಲೂಕಿನಷ್ಟು ಪ್ರದೇಶದೊಳಗೆ ಮಾತ್ರ ಅದನ್ನು ಬಳಸಬೇಕಿತ್ತು. ಇದರಲ್ಲಿ ಬಳಕೆಯಾದದ್ದು, ಎರಡು ಟವರುಗಳ ಕೈಯನ್ನು ಒಟ್ಟಿಗೆ ಹಿಡಿಯಬಲ್ಲ ಅದೇ ಸಿಡಿಎಂಎ ತಂತ್ರಜ್ಞಾನ! ಯಂತ್ರಕ್ಕೆ ಗಡಿ ದಾಟುವ ಸಾಮರ್ಥ್ಯವಿತ್ತು, ಕಾನೂನಿನ ಅನುಮತಿ ಇರಲಿಲ್ಲ. ದುಬಾರಿ ಲೈಸೆನ್ಸ್ ಪಡೆದಿದ್ದ ಮೊಬೈಲ್ ಕಂಪೆನಿಗಳು ಇದು ಅನ್ಯಾಯವೆಂದು ನ್ಯಾಯಾಲಯದ ಮೆಟ್ಟಿಲೇರಿದವು. ಸುಪ್ರೀಂ ಕೋರ್ಟಿನವರೆಗೂ ಹೋದ ಈ ವ್ಯಾಜ್ಯ, 2003ರ ನವೆಂಬರಿನಲ್ಲಿ ಏಕೀಕೃತ ಲೈಸೆನ್ಸ್ ಪದ್ಧತಿ ಬಂದ ಮೇಲೆ ತಣ್ಣಗಾಯಿತು. ಎರಡು ಪಕ್ಷಗಳ ವಾದದಲ್ಲೂ ಹುರುಳಿರಬಹುದು. ಆದರೆ ಅಷ್ಟು ಕಾಲ ತಾಲೂಕಿನ ಗಡಿಯಲ್ಲಿ ನಿಂತದ್ದು ಜನಸಾಮಾನ್ಯನ ಮಾತು.

ಹಳೆಯದರ ಹೆಗಲ ಮೇಲೆ ಹೊಸದು

4ಜಿಯನ್ನು ರೂಪಿಸಿದ್ದು ಮುಖ್ಯವಾಗಿ ಇಂಟರ್‌ನೆಟ್‌ಗಾಗಿ. ಹಾಗಾಗಿ ಆರಂಭದಲ್ಲಿ 4ಜಿ ಫೋನಿಗೆ ಕರೆ ಬಂದರೆ ಅದು ಸದ್ದಿಲ್ಲದೆ 2ಜಿ ಅಥವಾ 3ಜಿಗೆ ಇಳಿದು ಮಾತು ಮುಗಿಸಿ ಮತ್ತೆ ಮೇಲೇರುತ್ತಿತ್ತು. ಜಾಹೀರಾತಿನಲ್ಲಿ ಮಿಂಚಿದ್ದು ಹೊಸ ಜಾಲ, ಮಾತಿನ ಭಾರ ಹೊತ್ತದ್ದು ಹಳೆಯ ಜಾಲ. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋಗೆ ಇಂತಹ ಆಸರೆ ಇರಲಿಲ್ಲ. ಅದರ ಬಳಿ 2ಜಿಯೂ ಇಲ್ಲ, 3ಜಿಯೂ ಇಲ್ಲ. ಮಾತನ್ನೂ 4ಜಿಯಲ್ಲೇ ಸಾಗಿಸಿತು. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ವೈ-ಫೈ ಮೂಲಕ ಕರೆ ಮಾಡುವ ಸೌಲಭ್ಯ ಆರಂಭಿಸಿದವು. ನಾವು ಆರಂಭದಲ್ಲಿ ಹೇಳಿದ ತಾಯಿಯ ಕರೆ ಅಂಗಳ ದಾಟುವುದು ಈ ಸೌಲಭ್ಯದಿಂದ. ಅದಾಗಿ ಕೆಲವೇ ತಿಂಗಳಲ್ಲಿ ಲಾಕ್‌ಡೌನ್ ಬಂತು. ಆನ್‌ಲೈನ್ ತರಗತಿಗಾಗಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ನಾವು ಮರೆತಿಲ್ಲ. ಹಿಡಿಯಲು ಯಾವ ಕೈಯೂ ಇಲ್ಲದ ಕಡೆ ಹಸ್ತಾಂತರದ ಮಾತೆಲ್ಲಿ?

ಈಗ ಹಳೆಯ ಜಾಲಗಳ ವಿದಾಯದ ಕಾಲ. ಅಮೆರಿಕದ ದೊಡ್ಡ ಕಂಪೆನಿಗಳು 2022ರಲ್ಲಿ 3ಜಿಯನ್ನು ಮುಚ್ಚಿದಾಗ ಹಳೆಯ ಫೋನುಗಳಷ್ಟೇ ಅಲ್ಲ, ಹಲವು ಕಾರುಗಳಲ್ಲಿದ್ದ ತುರ್ತು ಕರೆಯ ಸಾಧನಗಳೂ ಮೂಕವಾದವು. ನಮ್ಮಲ್ಲಿ ಏರ್‌ಟೆಲ್ 2020ರ ವೇಳೆಗೆ 3ಜಿಯನ್ನು ಕೈಬಿಟ್ಟರೂ 2ಜಿಯನ್ನು ಉಳಿಸಿಕೊಂಡಿತು. ಅದೇ ವರ್ಷದ ಜುಲೈಯಲ್ಲಿ, ಮೊದಲ ಮೊಬೈಲ್ ಕರೆಯ 25ನೇ ವರ್ಷಾಚರಣೆಯಲ್ಲಿ, ಮುಖೇಶ್ ಅಂಬಾನಿಯವರು 2ಜಿಯನ್ನು ಇತಿಹಾಸಕ್ಕೆ ಸೇರಿಸಲು ಸರಕಾರ ಕ್ರಮ ಕೈಗೊಳ್ಳಬೇಕೆಂದರು. ಆಗ 2ಜಿಯಲ್ಲಿ ಸಿಲುಕಿದ್ದಾರೆಂದು ಅವರು ಹೇಳಿದ ಚಂದಾದಾರರ ಸಂಖ್ಯೆ 30 ಕೋಟಿ. ಅವರದೇ ಕಂಪೆನಿ 2017ರಲ್ಲಿ 1,500 ರೂಪಾಯಿ ಠೇವಣಿಗೆ, 2023ರಲ್ಲಿ 999 ರೂಪಾಯಿಗೆ 4ಜಿಯ ಕೀಪ್ಯಾಡ್ ಫೋನುಗಳನ್ನು ತಂದದ್ದನ್ನೂ ಇಲ್ಲಿ ಹೇಳಬೇಕು. ಅದು ಹೊಸ ಕೈ ಚಾಚುವ ಒಂದು ರೀತಿಯೇ.

ಹಳೆಯದು ಎಂದೆಂದಿಗೂ ಇರಬೇಕೆಂದು ನಾವು ವಾದಿಸುವುದಿಲ್ಲ. ತರಂಗಾಂತರ ಸೀಮಿತವಾದದ್ದು, ಹೊಸದಕ್ಕೆ ಜಾಗ ಬೇಕು. ಆದರೆ ಬೀಡಿ ಕಟ್ಟುವ ಅಜ್ಜಿಯ, ಮೀನು ಮಾರುವವನ, ಕೂಲಿ ಹಣ ಬಂತೇ ಎಂದು ಬ್ಯಾಂಕಿನ ಸಂದೇಶ ಕಾಯುವವನ ಕೈಯಲ್ಲಿರುವ ಸಣ್ಣ ಫೋನಿಗೆ ಅದೊಂದೇ ಜಾಲ. ಅವರ ಪಾಲಿಗೆ ಅದು ಹಿಂದುಳಿದ ತಂತ್ರಜ್ಞಾನವಲ್ಲ, ಮಕ್ಕಳ ಧ್ವನಿ.

ಒಂದು ಕರೆಯ ಬಗ್ಗೆ ಎಂಜಿನಿಯರುಗಳು ವಹಿಸಿದ ಎಚ್ಚರವನ್ನು ಕೋಟ್ಯಂತರ ಜನರ ಬಗ್ಗೆ ಸರಕಾರ ಮತ್ತು ಕಂಪೆನಿಗಳು ವಹಿಸಬಾರದೇ? ಹೊಸ ಕೈ ಗಟ್ಟಿಯಾಗಿ ಹಿಡಿದಿದೆ ಎಂದು ಖಾತ್ರಿಯಾದ ಮೇಲಷ್ಟೇ ಹಳೆಯ ಕೈ ಬಿಡಬೇಕು. ನಾವು ಕೇಳುತ್ತಿರುವುದು ಇಷ್ಟನ್ನೇ.