ಭಟ್ಕಳ ಮಲ್ಲಿಗೆ: ಗಿಡದ ಲಕ್ಷಣ, ನೆಲೆ ಮತ್ತು ಬೇಸಾಯ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನಲ್ಲಿ ಹೆಚ್ಚಾಗಿಯೂ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ಅಲ್ಲಲ್ಲಿಯೂ ಬೆಳೆಯಲಾಗುವ ಮಲ್ಲಿಗೆಯು ‘ಭಟ್ಕಳ ಮಲ್ಲಿಗೆ’ ಎಂದೇ ಪರಿಚಿತವಾಗಿದೆ. ಮನೆಯ ಹಿತ್ತಿಲು ಹಾಗೂ ಕೆಲವೇ ಗುಂಟೆ ಜಮೀನು ಉಳ್ಳ ಕುಟುಂಬಗಳಿಗೆ, ಅದರಲ್ಲೂ ಮಹಿಳೆಯರಿಗೆ, ಹೂವಿನ ಕಾಲದಲ್ಲಿ ದಿನನಿತ್ಯ ಹಣ ತರುವ ಬೆಳೆ ಇದು. ದೇವಸ್ಥಾನಗಳಲ್ಲಿಯೂ, ಭಟ್ಕಳದ ನವಾಯತ ಮನೆತನಗಳ ಮದುವೆಗಳಲ್ಲಿಯೂ ಇದಕ್ಕೆ ಬೇಡಿಕೆಯಿದೆ.

ಗಿಡದ ಲಕ್ಷಣಗಳು

ಸಸ್ಯಶಾಸ್ತ್ರೀಯ ಹೆಸರು ಜಾಸ್ಮಿನಮ್ ಸಾಂಬ್ಯಾಕ್. ಒಲಿಯೇಸಿ ಕುಟುಂಬಕ್ಕೆ ಸೇರಿದ ನಿತ್ಯಹಸಿರಿನ ಬಹುವಾರ್ಷಿಕ ಪೊದೆ. ಎಲೆಗಳು ಕಾಂಡದ ಮೇಲೆ ಎದುರುಬದುರಾಗಿ ಜೋಡಿಸಿಕೊಂಡಿರುತ್ತವೆ. ಮೊಗ್ಗುಗಳು ಸಂಜೆಯ ನಂತರ ಅರಳಿ ಪರಿಮಳ ಬೀರುತ್ತವೆ. ಬೀಜ ಕಟ್ಟುವುದು ವಿರಳವಾದ ಕಾರಣ ಸಸ್ಯಾಭಿವೃದ್ಧಿಯನ್ನು ಕಡ್ಡಿಗಳಿಂದಲೇ ಮಾಡಬೇಕು. ಜಾಜಿ ಮತ್ತು ಕಾಕಡ ಇದೇ ಕುಟುಂಬದ ಬೇರೆ ಪ್ರಭೇದಗಳಾಗಿದ್ದು, ಕಡ್ಡಿ ತರುವಾಗ ತಾಯಿಗಿಡದಲ್ಲಿ ಹೂವನ್ನು ಕಂಡೇ ತರುವುದು ಲೇಸು.

ನೆಲೆ ಮತ್ತು ನೀರು

ಈ ಮೂರೂ ತಾಲ್ಲೂಕುಗಳಲ್ಲಿ ವಾರ್ಷಿಕ 3,000 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಲ್ಲಿಗೆಯು ಬಿಸಿಲನ್ನೂ ತೇವವನ್ನೂ ತಾಳಿಕೊಳ್ಳುತ್ತದೆ. ಬುಡದಲ್ಲಿ ನಿಂತ ನೀರನ್ನು ತಾಳುವುದಿಲ್ಲ. ಬೇರು ಕೊಳೆತು ಗಿಡ ಸೊರಗಿದ ಮೇಲೆ ಔಷಧಿಯಿಂದ ಪ್ರಯೋಜನ ಕಡಿಮೆ. ಆದ್ದರಿಂದ ಗದ್ದೆಯ ತಗ್ಗಿನಲ್ಲಿ ನೆಡಬಾರದು. ಏರುಮಡಿ ಮಾಡಿ, ಸುತ್ತ ಕಾಲುವೆ ತೆಗೆದು, ಮಳೆಗೆ ಮುನ್ನವೇ ಬುಡಕ್ಕೆ ಮಣ್ಣು ಏರಿಸಬೇಕು. ಮರಳುಮಿಶ್ರಿತ ಗೋಡು ಹಾಗೂ ನೀರು ಬಸಿಯುವ ಜಂಬಿಟ್ಟಿಗೆ ಮಣ್ಣು ಸೂಕ್ತ.

ಶರಾವತಿ ಮತ್ತು ಅಘನಾಶಿನಿ ನದಿಗಳ ಅಳಿವೆಯ ಹತ್ತಿರ, ವಿಶೇಷವಾಗಿ ಗಜನಿ ಭೂಮಿಯ ಅಂಚಿನಲ್ಲಿ, ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾಗುವುದುಂಟು. ಹೂವು ಹೆಚ್ಚು ಬರುವುದೂ ನೀರು ಹೆಚ್ಚು ಬೇಕಾಗುವುದೂ ಅದೇ ಕಾಲದಲ್ಲಿ. ನೆಡುವ ಮುನ್ನ ಏಪ್ರಿಲ್–ಮೇ ತಿಂಗಳ ನೀರನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಮಳೆಗಾಲದ ನೀರಿನ ರುಚಿ ನೋಡಿ ನಿರ್ಧರಿಸಬಾರದು.

ಬೇಸಾಯ

ಮೂರು-ನಾಲ್ಕು ಗೆಣ್ಣುಗಳುಳ್ಳ, 15–20 ಸೆಂ.ಮೀ. ಉದ್ದದ ಅರೆಬಲಿತ ಕಡ್ಡಿಗಳನ್ನು ಮರಳಿನಲ್ಲಿ ಬೇರು ಬರಿಸಿ, ಮಳೆಯ ರಭಸ ತಗ್ಗಿದ ಮೇಲೆ 45 ಸೆಂ.ಮೀ. ಘನದ ಗುಂಡಿಗಳಲ್ಲಿ ನೆಡಬೇಕು. ಗಿಡದಿಂದ ಗಿಡಕ್ಕೆ ಕನಿಷ್ಠ ಒಂದೂವರೆ ಮೀಟರ್ ಅಂತರವಿರಲಿ. ಪ್ರತಿ ಗಿಡಕ್ಕೆ ವರ್ಷಕ್ಕೆ 10 ಕಿ.ಗ್ರಾಂ. ಕೊಟ್ಟಿಗೆ ಗೊಬ್ಬರ ಕೊಡಬೇಕು. ರಾಸಾಯನಿಕ ಗೊಬ್ಬರವನ್ನು ಮಣ್ಣು ಪರೀಕ್ಷೆಯಂತೆ ಎರಡು ಕಂತುಗಳಲ್ಲಿ ನೀಡುವುದು. ನವೆಂಬರ್ ಕೊನೆಯಿಂದ ಡಿಸೆಂಬರ್‌ನಲ್ಲಿ, ಕೆಲದಿನ ನೀರು ನಿಲ್ಲಿಸಿ, ಗಿಡವನ್ನು ನೆಲದಿಂದ ಸುಮಾರು 45 ಸೆಂ.ಮೀ. ಎತ್ತರಕ್ಕೆ ಸವರಬೇಕು. ಹೊಸ ಚಿಗುರಿನಲ್ಲಿಯೇ ಮೊಗ್ಗು ಬರುವುದರಿಂದ ಸವರಲು ಅನುಮಾನಿಸುವ ಅಗತ್ಯವಿಲ್ಲ.

ಮೊಗ್ಗು ಕೊರೆಯುವ ಹುಳು ಕಂಡಾಗ ಬಾಧಿತ ಮೊಗ್ಗುಗಳನ್ನು ಕಿತ್ತು ನಾಶಪಡಿಸಬೇಕು. ಎಲೆಚುಕ್ಕೆ ರೋಗಕ್ಕೆ, ಅಡಿಕೆ ತೋಟಿಗರಿಗೆ ಪರಿಚಿತವಾದ ಶೇ. 1ರ ಬೋರ್ಡೋ ದ್ರಾವಣ ಬಳಸಬಹುದು.

ಬಲಿತ ಮೊಗ್ಗುಗಳನ್ನು ನಸುಕಿನಲ್ಲಿ ಅರಳುವ ಮುನ್ನವೇ ಕೊಯ್ಯಬೇಕು. ಈ ಬೆಳೆಯ ದೊಡ್ಡ ಖರ್ಚು ಗೊಬ್ಬರವಲ್ಲ, ಕೊಯ್ಯುವ ಮತ್ತು ಕಟ್ಟುವ ಕೂಲಿ. ಮನೆಯಲ್ಲಿ ಬೆಳಗಿನ ಹೊತ್ತು ಎಷ್ಟು ಜನ ದೊರೆಯುತ್ತಾರೆಂಬುದನ್ನು ನೋಡಿ ಗಿಡಗಳ ಸಂಖ್ಯೆ ನಿಗದಿಪಡಿಸಿಕೊಳ್ಳುವುದು ಸೂಕ್ತ. ಹೂವು ವಿಪುಲವಾದಾಗ ದರ ಕುಸಿಯುವುದರಿಂದ, ಹಬ್ಬದ ದಿನದ ದರವನ್ನು ವರ್ಷಕ್ಕೆ ಗುಣಿಸಿ ಸಾಲ ಮಾಡಬಾರದು.

ಅರ್ಜಿದಾರರ ಗಮನಕ್ಕೆ

ಸಹಾಯಧನ ಕೋರುವವರು ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸತಕ್ಕದ್ದು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಮತ್ತು ಫ್ರೂಟ್ಸ್ ಸಂಖ್ಯೆಯನ್ನು ಜೊತೆಗೆ ತರಬೇಕು. ಹಿತ್ತಿಲಿನ ಮಲ್ಲಿಗೆ ಬೆಳೆ ಸಮೀಕ್ಷೆಯಲ್ಲಿ ಬಿಟ್ಟುಹೋಗುವ ಸಂಭವವಿದ್ದು, ಸಮೀಕ್ಷೆಯ ಅವಧಿಯಲ್ಲಿಯೇ ಅದನ್ನು ದಾಖಲಿಸಿಕೊಳ್ಳಬೇಕು. ಗಿಡ ಸಾಕುವವರು ಸೊಸೆ, ಪಹಣಿ ಮಾವನ ಹೆಸರಿನಲ್ಲಿ ಎಂಬುದು ಸಾಮಾನ್ಯ. ಇಂಥ ಪ್ರಕರಣಗಳಲ್ಲಿ ಯಾರ ಹೆಸರಿನಲ್ಲಿ ಅರ್ಜಿ ಸಲ್ಲಿಸಬೇಕು, ಖಾತೆದಾರರ ಒಪ್ಪಿಗೆ ಪತ್ರ ಬೇಕೇ ಎಂಬುದನ್ನು ಗಿಡ ನೆಡುವ ಮೊದಲೇ ವಿಚಾರಿಸಿಕೊಳ್ಳುವುದು. ಅರ್ಜಿ ನೀಡಿದ ದಿನವೇ ಸ್ವೀಕೃತಿ ಪಡೆಯತಕ್ಕದ್ದು.