ಪೀಟರ್ಸ್‌ಬರ್ಗಿನ ಬ್ಯಾಲೆ: 1901ರ ಒಂದು ದಂಡದ ಪ್ರಸಂಗ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಷ್ಯದ ಬ್ಯಾಲೆ ಪಡೆದ ವೈಭವಕ್ಕೆ ಅರಮನೆಯ ಆಶ್ರಯವೇ ಮುಖ್ಯ ಕಾರಣವೆಂಬುದು ಸರ್ವವಿದಿತ. ಆ ಆಶ್ರಯಕ್ಕಾಗಿ ಕಲಾಸಂಸ್ಥೆ ತೆತ್ತುದೇನೆಂಬುದನ್ನು ಒಂದು ಸಣ್ಣ ಪ್ರಸಂಗದ ಮೂಲಕ ಇಲ್ಲಿ ವಿಚಾರಿಸುತ್ತೇವೆ.

ಮಾರಿನ್‌ಸ್ಕಿ ರಂಗಮಂದಿರವು ಜಾರ್ ಚಕ್ರವರ್ತಿಯ ಆಸ್ಥಾನ ಖಾತೆಗೆ ಸೇರಿದ್ದಿತು. ನರ್ತಕಿಯರು ಬಾಲ್ಯದಲ್ಲಿಯೇ ಸರಕಾರಿ ನೃತ್ಯಶಾಲೆಯನ್ನು ಸೇರಿ, ಅನಂತರ ಸಮೂಹನರ್ತನದಿಂದ ಏಕನರ್ತನಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾಗಿತ್ತು. ಮೆಟ್ಟಿಲುಗಳು ಕೆಲವೇ, ಏರಬಯಸುವವರು ಅನೇಕರು.

1890ರಲ್ಲಿ ಶಾಲೆಯಿಂದ ಹೊರಬಂದ ಮಟಿಲ್ಡಾ ಕ್ಷೆಸಿನ್‌ಸ್ಕಾಯಾ ಯುವರಾಜ ನಿಕೊಲಾಸನ ಪ್ರೀತಿಗೆ ಪಾತ್ರಳಾದಳು. 1894ರಲ್ಲಿ ಅವನು ಪಟ್ಟವೇರಿ ವಿವಾಹವಾದ ಮೇಲೆ ರಾಜವಂಶದ ಇತರರ ರಕ್ಷಣೆ ಆಕೆಗೆ ದೊರೆಯಿತು. ಇಷ್ಟರಿಂದಲೇ ಆಕೆಯನ್ನು ಕೇವಲ ಕೃಪಾಪೋಷಿತಳೆಂದು ತಳ್ಳಿಬಿಡುವುದು ನ್ಯಾಯವಲ್ಲ. 1893ರಲ್ಲಿ ಇಟಲಿಯ ಪಿಯೆರಿನಾ ಲೆನ್ಯಾನಿ, ಒಂದೇ ಕಾಲಿನ ಆಧಾರದ ಮೇಲೆ, ಮತ್ತೊಂದು ಕಾಲನ್ನು ಚಾಟಿಯಂತೆ ಬೀಸುತ್ತ 32 ಸುತ್ತು ತಿರುಗಿ ಪೀಟರ್ಸ್‌ಬರ್ಗನ್ನು ಬೆರಗುಗೊಳಿಸಿದ್ದಳು. ಆ ವಿದ್ಯೆಯನ್ನು ಸಾಧಿಸಿದ ರಷ್ಯನರಲ್ಲಿ ಕ್ಷೆಸಿನ್‌ಸ್ಕಾಯಾ ಮೊದಲಿಗಳು. ಅದನ್ನು ಯಾವ ರಾಜಾಜ್ಞೆಯೂ ಕೊಡಿಸಲಾರದು.

1901ರಲ್ಲಿ ‘ಕಮಾರ್ಗೊ’ ಎಂಬ ಬ್ಯಾಲೆಯ ಪುನಃಪ್ರಯೋಗ ನಡೆಯಿತು. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಉಡುಪಿಗೆ ಅನುಸಾರವಾಗಿ, ಲಂಗವನ್ನು ಇಕ್ಕೆಲಗಳಲ್ಲಿಯೂ ಉಬ್ಬಿಸುವ ಒಳಚೌಕಟ್ಟನ್ನು ಧರಿಸಬೇಕೆಂದು ನಿಯಮವಾಗಿತ್ತು. ಕ್ಷೆಸಿನ್‌ಸ್ಕಾಯಾ ಒಪ್ಪದೆ, ಅದಿಲ್ಲದೆಯೇ ಕುಣಿದಳು. ರಂಗಮಂದಿರಗಳ ನಿರ್ದೇಶಕನಾದ ಪ್ರಿನ್ಸ್ ಸೆರ್ಗೆಯ್ ವೋಲ್ಕೊನ್‌ಸ್ಕಿ ಆಕೆಗೆ ದಂಡ ವಿಧಿಸಿದನು. ಆಕೆ ನೇರವಾಗಿ ಚಕ್ರವರ್ತಿಗೆ ದೂರಿತ್ತಳು. ದಂಡವನ್ನು ರದ್ದುಪಡಿಸಬೇಕೆಂದು ಅಪ್ಪಣೆಯಾಯಿತು. ವೋಲ್ಕೊನ್‌ಸ್ಕಿ ರಾಜೀನಾಮೆಯಿತ್ತನು, ಅವನ ಸ್ಥಾನಕ್ಕೆ ತೆಲ್ಯಕೋವ್‌ಸ್ಕಿ ಬಂದನು.

ದಂಡದ ಮೊತ್ತ ಇಲ್ಲಿ ಗಣನೀಯವಲ್ಲ. ಒಂದು ಲಂಗಕ್ಕಾಗಿ ನಿರ್ದೇಶಕನೊಬ್ಬನು ಪದವಿ ಬಿಟ್ಟನೆಂಬುದು ನಗೆಗೆ ಈಡಾದರೂ ಆಗಬಹುದು. ಆದರೆ ಸಮೂಹನರ್ತನದ ಸಾಮಾನ್ಯ ನರ್ತಕಿಗೆ ನಿಯಮವು ನಿಯಮವೇ ಆಗಿದ್ದಿತು. ಮೇಲಣ ಮೆಟ್ಟಿಲಿನಲ್ಲಿದ್ದವಳಿಗೆ ಅದು ಅರಮನೆಯ ಬಾಗಿಲವರೆಗೆ ಮಾತ್ರ. ಪ್ರತಿಭೆಯಿಲ್ಲದವಳಿಗೆ ಕೃಪೆ ಸಂದಿದ್ದರೆ ಹಾನಿ ಅಲ್ಪವಾಗುತ್ತಿತ್ತೆಂದು ನಾವು ಭಾವಿಸುತ್ತೇವೆ; ಪ್ರೇಕ್ಷಕರೇ ಆಕೆಯನ್ನು ನಿರಾಕರಿಸುತ್ತಿದ್ದರು. ಪ್ರತಿಭೆಯೂ ಕೃಪೆಯೂ ಒಬ್ಬಳಲ್ಲಿಯೇ ಕೂಡಿದುದರಿಂದ, ಯಾವುದು ಯಾವುದರ ಫಲವೆಂದು ವಿಂಗಡಿಸುವುದು ಸಹೋದ್ಯೋಗಿಗಳಿಗೂ ಅಸಾಧ್ಯವಾಯಿತು.

1905ರ ಕ್ರಾಂತಿಯ ದಿನಗಳಲ್ಲಿ ಪಾವ್ಲೊವಾ, ಫೊಕಿನ್, ಕರ್ಸಾವಿನಾ ಮೊದಲಾದವರು ತಮ್ಮ ಮೇಲ್ವಿಚಾರಕರನ್ನು ತಾವೇ ಆರಿಸಿಕೊಳ್ಳುವ ಹಕ್ಕನ್ನು ಕೇಳಿದುದು ಆಕಸ್ಮಿಕವಲ್ಲ. ಆಡಳಿತವು ನಿಷ್ಠಾಪತ್ರಕ್ಕೆ ಸಹಿ ಬೇಡಿತು. ಸಹಿ ಹಾಕಿದ ಸೆರ್ಗೆಯ್ ಲೆಗಾತ್ ಎಂಬ ನರ್ತಕನು ಆ ಅಕ್ಟೋಬರಿನಲ್ಲಿಯೇ ಆತ್ಮಹತ್ಯೆ ಮಾಡಿಕೊಂಡನು.

1917ರಲ್ಲಿ ರಾಜವಂಶ ಉರುಳಿತು. ಕ್ಷೆಸಿನ್‌ಸ್ಕಾಯಾಳ ಭವನ ಬೋಲ್ಶೆವಿಕರ ಕೇಂದ್ರವಾಯಿತು. ಅದರ ಮೇಲ್ಚಾವಡಿಯಿಂದ ಲೆನಿನ್ ಭಾಷಣ ಮಾಡಿದನು. ದೇಶಾಂತರ ಹೋದ ಆಕೆ 1929ರಲ್ಲಿ ಪ್ಯಾರಿಸಿನಲ್ಲಿ ಒಂದು ನೃತ್ಯಶಾಲೆಯನ್ನು ತೆರೆದು, ತಾನು ಕಲಿತುದನ್ನು ಮಕ್ಕಳಿಗೆ ಕಲಿಸುತ್ತ ಜೀವನ ಸಾಗಿಸಿದಳು.