ಹಳೇ ಕಾಗದ, ಭಾಗ 3: ಆ ಸ್ಟ್ಯಾಂಪ್ ಕತ್ತರಿಸಬೇಡಿ!

ಫೋಟೋ ಝೂಮ್ ಮಾಡಿ ನೋಡಿ. ಅಡ್ಡಸಾಲಿನ ಮೇಲೆ ಉದ್ದಸಾಲು, ಬಲೆ ಥರ ಕಾಣುತ್ತಲ್ವಾ? ಯಾರೋ ಗೀಚಿದ್ದಲ್ಲ, ದುಡ್ಡು ಉಳಿಸಿದ್ದು! 1840ಕ್ಕೆ ಮುಂಚೆ ಬ್ರಿಟನ್‌ನಲ್ಲಿ ಅಂಚೆ ದರ ದೂರ ಮತ್ತು ಹಾಳೆಗಳ ಲೆಕ್ಕದಲ್ಲಿತ್ತು. ಹೆಚ್ಚಾಗಿ ಪತ್ರ ಪಡೆಯುವವರೇ ಹಣ ಕೊಡಬೇಕಿತ್ತು. ಲಕೋಟೆ ಹಾಕಿದ್ರೆ ಅದೂ ಒಂದು ಹಾಳೆ! ಅದಕ್ಕೇ ಪುಟ ತುಂಬಿದ ಮೇಲೆ ಕಾಗದ ತಿರುಗಿಸಿ ಅದರ ಮೇಲೇ ಮತ್ತೆ ಬರೀತಿದ್ರು. ಆಮೇಲೆ ಮಡಚಿ, ಅರಗಿನ ಮುದ್ರೆ ಒತ್ತಿ, ಹೊರಮೈಯಲ್ಲೇ ವಿಳಾಸ. ಓದೋರ ಗತಿ ದೇವರಿಗೇ ಪ್ರೀತಿ.

1840ರ ಮೇ ತಿಂಗಳಲ್ಲಿ ಪೆನ್ನಿ ಬ್ಲ್ಯಾಕ್ ಬಂತು: ಅರ್ಧ ಔನ್ಸ್‌ವರೆಗಿನ ಪತ್ರ ದೇಶದೊಳಗೆ ಎಲ್ಲಿಗಾದ್ರೂ ಒಂದು ಪೆನ್ನಿಗೆ. ನಮ್ಮಲ್ಲಿ 1854ರಲ್ಲಿ ಅರ್ಧ ಆಣೆ ಸ್ಟ್ಯಾಂಪು. ಹಳೇ ಪತ್ರಗಳಿಗೆ ಕಂಟಕ ಶುರುವಾದದ್ದೂ ಈ ಸ್ಟ್ಯಾಂಪಿನಿಂದಲೇ ಅಂತ ನನ್ನ ಅನಿಸಿಕೆ. ಸಂಗ್ರಹದ ಹುಚ್ಚಿನಲ್ಲಿ ಎಷ್ಟೋ ಜನ ಆ ಚೌಕ ಕತ್ತರಿಸಿಕೊಂಡು ಉಳಿದದ್ದನ್ನ ಬಿಸಾಕಿಬಿಟ್ರು. ಯಾವ ಊರಿಂದ, ಯಾವ ದಿನ ಹೊರಟಿತು ಅನ್ನೋದು ಹೊರಗಿನ ಮೊಹರಲ್ಲಿತ್ತು. ಒಳಗೆ ಜ್ವರ, ಬಾಣಂತನ, ತೀರದ ಸಾಲ. ಎಲ್ಲಾ ಕಸದ ಬುಟ್ಟಿಗೆ!

ನಿಮ್ಮಜ್ಜನ ಟ್ರಂಕಲ್ಲಿ ಇಂಥದ್ದೇನಾದ್ರೂ ಸಿಕ್ಕರೆ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡವೇ ಬೇಡ. ಆ ಕಾಲದ ಬಹುಪಾಲು ಶಾಯಿ ಮಾಚಿಕಾಯಿ ಮತ್ತು ಕಬ್ಬಿಣದ ಲವಣದ್ದು. ಕಪ್ಪಗಿದ್ದದ್ದು ಬರ್ತಾ ಬರ್ತಾ ಕಂದಾಗುತ್ತೆ, ಅದರ ಆಮ್ಲ ಕಾಗದವನ್ನೇ ತಿನ್ನುತ್ತೆ. ತೇವ ತಾಗಿದ್ರೆ ಇನ್ನೂ ಬೇಗ. ಮಡಿಕೆ ಎಳೆದು ಬಿಡಿಸಬೇಡಿ. ಮೆಲ್ಲಗೆ ಬೆಳಕಿಗೆ ಹಿಡೀರಿ. ಹಲವು ಇಂಗ್ಲಿಷ್ ಕಾಗದಗಳಲ್ಲಿ ವಾಟರ್‌ಮಾರ್ಕ್ ಜೊತೆ ಇಸವಿಯೂ ಕಾಣುತ್ತೆ. ಪತ್ರಕ್ಕೆ ತಾರೀಖೇ ಇಲ್ಲದಿದ್ರೂ, ಅದು ಆ ಇಸವಿಗಿಂತ ಹಿಂದಿನದ್ದಲ್ಲ ಅಂತ ಹೇಳಬಹುದು.

ಭಾಗ 4ರಲ್ಲಿ ಮೊಹರು ಓದೋಣ.